ಪೊಲೀಸರ ಶೂಟಿಂಗ್ ಸ್ಪರ್ಧೆಯೂ ಅಹಿಂಸಾಣುವ್ರತವೂ

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಗೃಹಸ್ಥನು ಬಂದೂಕಿನ ಸ್ಪರ್ಧೆಯೊಂದಕ್ಕೆ ನೆರವು ನೀಡಬಹುದೇ? ಪ್ರಶ್ನೆ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಆದರೆ ಊರಿನ ವರ್ತಕರ ಅಂಗಡಿಗೂ ಬಸದಿಯ ಟ್ರಸ್ಟಿಗಳ ಮನೆಗೂ ಬರುವ ವಂತಿಗೆ ಪುಸ್ತಕಗಳಲ್ಲಿ ಎಲ್ಲ ಬಗೆಯ ಕ್ರೀಡಾಕೂಟಗಳ ಹೆಸರೂ ಇರುತ್ತದೆ. ಪೊಲೀಸ್ ಸಿಬ್ಬಂದಿಯ ಕೂಟವೆಂದರೆ ಇಲ್ಲವೆನ್ನುವುದು ಇನ್ನೂ ಕಷ್ಟ. ಒಂದು ಪಾರಿತೋಷಕ, ಒಂದು ಹೊತ್ತಿನ ಊಟ, ಒಂದು ಶಾಮಿಯಾನ ಎಂದು ಬರೆಸಿ ರಸೀತಿ ಪಡೆದರೆ ವ್ಯವಹಾರ ಮುಗಿಯಿತೆಂದು ದಾನಿ ಭಾವಿಸುತ್ತಾನೆ. ಶಾಸ್ತ್ರದ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ತಾನೇ ಮಾಡುವುದು ಕೃತ, ಇನ್ನೊಬ್ಬರಿಂದ ಮಾಡಿಸುವುದು ಕಾರಿತ, ಮಾಡುವವರನ್ನು ಮೆಚ್ಚುವುದು ಅನುಮೋದನೆ, ಮೂರಕ್ಕೂ ಕರ್ಮಬಂಧವುಂಟು. ಗುಂಡು ಹಾರಿಸುವವನು ಪೊಲೀಸನಾದರೂ ಸ್ಪರ್ಧೆಯನ್ನು ಏರ್ಪಡಿಸಿದವನು ಕಾರಿತದಲ್ಲಿಯೂ ಪಾರಿತೋಷಕ ಕೊಟ್ಟವನು ಅನುಮೋದನೆಯಲ್ಲಿಯೂ ಪಾಲುದಾರನಾಗುತ್ತಾನೆ. ಆದ್ದರಿಂದ ಕೊಡುವ ಮೊದಲು ವಿಚಾರಿಸುವುದು ಶ್ರಾವಕನ ಕರ್ತವ್ಯ.

ಮೊದಲು ಸ್ಪರ್ಧೆಯ ಸ್ವರೂಪವನ್ನು ತಿಳಿಯಬೇಕು. ಒಲಿಂಪಿಕ್ಸ್‌ನಲ್ಲಿ ಕಾಣುವ ರೈಫಲ್ ಸ್ಪರ್ಧೆಯಲ್ಲಿ ಸ್ಪರ್ಧಿಯು ಒಂದೇ ಸ್ಥಳದಲ್ಲಿದ್ದು ಗೊತ್ತಾದ ದೂರದ ವೃತ್ತಕ್ಕೆ ಗುರಿಯಿಡುತ್ತಾನೆ. ‘ಪ್ರಾಯೋಗಿಕ ಶೂಟಿಂಗ್’ ಎಂಬ ಪ್ರಕಾರ ಇದರಿಂದ ಭಿನ್ನ. ಇದರಲ್ಲಿ ಸ್ಪರ್ಧಿಯು ಸೊಂಟದ ಚೀಲದಿಂದ ಪಿಸ್ತೂಲು ತೆಗೆದು, ಗೋಡೆಯ ಮರೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಸಾಗುತ್ತಾ ಬೇರೆ ಬೇರೆ ದೂರದಲ್ಲಿರುವ ಹಲಗೆಗಳಿಗೆ ಗುಂಡು ಹೊಡೆಯುತ್ತಾನೆ. ಈ ಕ್ರೀಡೆಯ ಅಂತಾರಾಷ್ಟ್ರೀಯ ಒಕ್ಕೂಟ 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ನಗರದಲ್ಲಿ ಸ್ಥಾಪಿತವಾಯಿತು. ನಿಖರತೆ, ಶಕ್ತಿ, ವೇಗ ಎಂಬ ಮೂರು ಅದರ ಧ್ಯೇಯಗಳು. ಗಳಿಸಿದ ಅಂಕಗಳನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿ ಫಲಿತಾಂಶ ನಿರ್ಣಯಿಸುತ್ತಾರೆ. ಪೊಲೀಸರ ನಿಜವಾದ ಸನ್ನಿವೇಶಕ್ಕೆ ಇದು ಹತ್ತಿರವೆಂಬ ಕಾರಣದಿಂದ ಅನೇಕ ದೇಶಗಳ ಪೊಲೀಸ್ ಅಧಿಕಾರಿಗಳು ಇದರಲ್ಲಿ ಭಾಗವಹಿಸುತ್ತಾರೆ. ಭಾರತದಲ್ಲಿಯೂ ಪೊಲೀಸ್ ಪಡೆಗಳ ನಡುವೆ ಶೂಟಿಂಗ್ ಸ್ಪರ್ಧೆಗಳು ನಡೆಯುತ್ತವೆ. ಚಿತ್ರದುರ್ಗ ಜಿಲ್ಲೆಯ ಐಮಂಗಲದಲ್ಲಿಯೇ ಪೊಲೀಸ್ ತರಬೇತಿ ಶಾಲೆಯುಂಟು. ಆದ್ದರಿಂದ ಇದು ದೂರದ ನಾಡಿನ ವಿಚಾರವಲ್ಲ.

ಜೈನ ಓದುಗನಿಗೆ ಮೊದಲು ಹೊಳೆಯುವ ಆಕ್ಷೇಪವು ಜನ್ನನ ಯಶೋಧರ ಚರಿತೆಯಿಂದ ಬರುತ್ತದೆ. 1209ರಲ್ಲಿ ರಚಿತವಾದ ಈ ಕಾವ್ಯದ ಕಥೆ ಪ್ರತಿ ಮನೆಗೂ ಪರಿಚಿತ. ಜೀವಬಲಿಗೆ ಒಪ್ಪದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ದೇವಿಗೆ ಕಡಿದನು. ಪ್ರಾಣವಿಲ್ಲದ ಹಿಟ್ಟನ್ನು ಕಡಿದ ತಪ್ಪಿಗೆ ತಾಯಿ ಮಗನಿಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನರಳಿದರು. ಹಿಟ್ಟಿನ ಕೋಳಿಗೇ ಅಷ್ಟು ಶಿಕ್ಷೆಯಾದರೆ ಕಾಗದದ ಮನುಷ್ಯನಿಗೆ ಗುಂಡಿಕ್ಕುವುದಕ್ಕೆ ಎಷ್ಟು ಶಿಕ್ಷೆ? ಹಲಗೆಗೆ ನೋವಿಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು. ಆ ಸಮಾಧಾನವನ್ನು ಅಲ್ಲಗಳೆಯುವುದಕ್ಕಾಗಿಯೇ ಆ ಕಥೆ ಹುಟ್ಟಿದೆ.

ಆದರೆ ಅದೇ ಕಥೆ ಉತ್ತರವನ್ನೂ ಒಳಗೊಂಡಿದೆ. ಹಿಟ್ಟಿನ ಕೋಳಿಯ ದೋಷವಿದ್ದುದು ಕತ್ತಿಯಲ್ಲಲ್ಲ, ಹಿಟ್ಟಿನಲ್ಲೂ ಅಲ್ಲ, ಸಂಕಲ್ಪದಲ್ಲಿ. ಇದು ಕೋಳಿ, ಇದನ್ನು ಕೊಲ್ಲುತ್ತೇನೆ, ಇದರಿಂದ ನನಗೆ ಶುಭವಾಗಲಿ ಎಂಬ ಭಾವವೇ ಭಾವಹಿಂಸೆಯಾಯಿತು. ಹಾಗಾದರೆ ಕೇಳಬೇಕಾದ ಪ್ರಶ್ನೆ ಹಲಗೆಯ ಆಕಾರದ್ದಲ್ಲ. ಅದರ ಮುಂದೆ ನಿಂತ ಪೊಲೀಸನ ಮನಸ್ಸಿನಲ್ಲಿ ಸ್ಪರ್ಧೆಯು ಯಾವ ಸಂಕಲ್ಪವನ್ನು ಬೆಳೆಸುತ್ತಿದೆ ಎಂಬುದೇ ಪ್ರಶ್ನೆ. ಕೊಲ್ಲುವ ಉತ್ಸಾಹವನ್ನೋ, ಕಾಯುವ ಎಚ್ಚರವನ್ನೋ?

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಭಾಗಿಸುತ್ತಾರೆ. ಮೊದಲನೆಯದು ಅಣುವ್ರತಿಗೆ ಸಂಪೂರ್ಣ ತ್ಯಾಜ್ಯ. ಅಡುಗೆ, ಕಟ್ಟಡ, ಕೃಷಿ, ವೃತ್ತಿಗಳಲ್ಲಿ ತಪ್ಪದೆ ಒದಗುವುದನ್ನು ಕಡಮೆ ಮಾಡುತ್ತಾ ಸಾಗಬೇಕು. ಆಕ್ರಮಣವನ್ನು ತಡೆಯುವಾಗ ಒದಗುವ ವಿರೋಧೀ ಹಿಂಸೆ ಗೃಹಸ್ಥನಿಗೆ ಪೂರ್ಣ ನಿಷಿದ್ಧವಲ್ಲ. ಕರ್ನಾಟಕದ ಜೈನ ಇತಿಹಾಸವೇ ಇದಕ್ಕೆ ಸಾಕ್ಷಿ. ಗಂಗರ ದಂಡನಾಯಕ ಚಾವುಂಡರಾಯನು ಯುದ್ಧಭೂಮಿಯನ್ನೂ ಕಂಡವನು, 978ರಲ್ಲಿ ಪುರಾಣವನ್ನೂ ಬರೆದವನು, ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನೂ ನಿಲ್ಲಿಸಿದವನು. ಹೊಯ್ಸಳರ ಗಂಗರಾಜನೂ ಅದೇ ಪರಂಪರೆಯವನು. ಊರಿನ ರಾತ್ರಿಯನ್ನು ಕಾಯುವ ಪೊಲೀಸನನ್ನು ಹಿಂಸಕನೆಂದು ಕರೆದು, ಅವನು ಕಾಯ್ದ ಬೀದಿಯಲ್ಲಿ ನಿಶ್ಚಿಂತೆಯಿಂದ ಅಂಗಡಿ ತೆರೆಯುವುದು ನ್ಯಾಯವಲ್ಲ. ಅವನಿಗೆ ಆಯುಧ ಅಗತ್ಯವಾದರೆ ಅದನ್ನು ಬಳಸುವ ಶಿಕ್ಷಣವೂ ಅಗತ್ಯ.

ಇಲ್ಲಿ ಇನ್ನೊಂದು ಶಾಸ್ತ್ರವಿಚಾರ ಎದುರಾಗುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡ ಶ್ರಾವಕಾಚಾರವು ಅನರ್ಥದಂಡಗಳನ್ನು ಐದಾಗಿ ಎಣಿಸುವಾಗ ಹಿಂಸಾದಾನವನ್ನೂ, ಅಂದರೆ ಆಯುಧಾದಿ ಹಿಂಸೋಪಕರಣಗಳನ್ನು ಕೊಡುವುದನ್ನೂ ಸೇರಿಸಿದೆ. ಆದರೆ ‘ಅನರ್ಥ’ವೆಂದರೆ ಪ್ರಯೋಜನವಿಲ್ಲದ್ದು. ಪ್ರಜೆಯ ರಕ್ಷಣೆಗೆ ಬೇಕಾದ ಶಿಕ್ಷಣ ಒಂದು ಪ್ರಯೋಜನ. ಜನರಂಜನೆಗಾಗಿ, ಗದ್ದಲಕ್ಕಾಗಿ, ಛಾಯಾಚಿತ್ರಕ್ಕಾಗಿ ಹಾರುವ ತೋಟಾ ಅನರ್ಥದಂಡ. ಒಂದೇ ಸ್ಪರ್ಧೆ ಏರ್ಪಡಿಸುವ ರೀತಿಯಿಂದ ಇದೂ ಆಗಬಹುದು, ಅದೂ ಆಗಬಹುದು.

ಆಯುಧ ಹಿಡಿದವನಿಗೂ ವ್ರತ ಸಾಧ್ಯವೇ ಎಂಬ ಸಂಶಯ ಬೇಡ. ಶ್ರೇಣಿಕ ಮಹಾರಾಜನು ಹಿಂದಿನ ಜನ್ಮದಲ್ಲಿ ಖದಿರಸಾರನೆಂಬ ಬೇಡನಾಗಿದ್ದನು. ಮುನಿಯ ಮಾತಿಗೆ ಅವನು ಬಿಟ್ಟುದು ಕಾಗೆಯ ಮಾಂಸವೊಂದನ್ನೇ. ರೋಗ ಬಂದು, ಅದೇ ಮಾಂಸ ಔಷಧವೆಂದು ವೈದ್ಯ ಹೇಳಿದಾಗಲೂ ಅವನು ಪ್ರಾಣ ಬಿಟ್ಟನೇ ಹೊರತು ವ್ರತ ಬಿಡಲಿಲ್ಲ. ಪುರಾಣದ ಈ ಮಾತಿಗೆ ಹತ್ತಿರದ ನಿದರ್ಶನ ಚಳ್ಳಕೆರೆ ಸೀಮೆಯಲ್ಲಿಯೇ ಇದೆ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳವು ಮ್ಯಾಸ ನಾಯಕರ ಕಟ್ಟೆಮನೆಗಳಲ್ಲೊಂದು. ಬೇಟೆಯೂ ಪಶುಪಾಲನೆಯೂ ಈ ಸಮುದಾಯದ ಹಿಂದಿನ ವೃತ್ತಿಗಳು. ಆದರೂ ಸಂಪ್ರದಾಯಸ್ಥ ಮ್ಯಾಸ ನಾಯಕರು ಕೋಳಿಯನ್ನು ತಿನ್ನುವುದಿಲ್ಲ, ಹೆಂಡವನ್ನು ಮುಟ್ಟುವುದಿಲ್ಲ. ದೇವರ ಎತ್ತುಗಳೆಂದು ಹಿಂಡುಗಳನ್ನು ಕಾಯ್ದುಕೊಂಡು ಬಂದಿದ್ದಾರೆ. ಬಿಲ್ಲು ಹಿಡಿದ ಕೈಗೆ ಗೆರೆಯೊಂದನ್ನು ಎಳೆದುಕೊಟ್ಟುದು ಕುಲದ ಕಟ್ಟಳೆ. ಸಮಾಜ ಪೊಲೀಸನಿಂದ ಬಯಸುವುದೂ ಇಂಥ ಗೆರೆಯನ್ನೇ. ಕೈಯಲ್ಲಿ ಶಕ್ತಿಯಿರಲಿ, ಆ ಶಕ್ತಿ ದಾಟಬಾರದ ಎಲ್ಲೆಯೂ ಇರಲಿ.

ಕಾನೂನು ಈ ಗೆರೆಯನ್ನು ಎಳೆದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಕಲಮು, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಒಳಗಾಗುವ ಅಪರಾಧದ ಆರೋಪವಿಲ್ಲದವನನ್ನು ಬಂಧಿಸುವಾಗ ಅವನ ಸಾವಿಗೆ ಕಾರಣವಾಗುವ ಹಕ್ಕನ್ನು ಕೊಡುವುದಿಲ್ಲ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 46ನೆಯ ಕಲಮಿನಲ್ಲಿಯೂ ಇದೇ ಮಾತಿತ್ತು. 1990ರಲ್ಲಿ ಹವಾನಾದಲ್ಲಿ ಸೇರಿದ ವಿಶ್ವಸಂಸ್ಥೆಯ ಸಮ್ಮೇಳನವು ಅಂಗೀಕರಿಸಿದ ತತ್ತ್ವಗಳ ಪ್ರಕಾರ, ಉದ್ದೇಶಪೂರ್ವಕವಾಗಿ ಪ್ರಾಣಾಂತಿಕ ಬಲ ಬಳಸುವುದು ಇನ್ನೊಂದು ಪ್ರಾಣವನ್ನು ಉಳಿಸಲು ಅನ್ಯಮಾರ್ಗವೇ ಇಲ್ಲದಾಗ ಮಾತ್ರ. ಪೊಲೀಸರ ಶಿಕ್ಷಣದಲ್ಲಿ ಮಾತಿನಿಂದ ಒಲಿಸುವ, ಸಂಧಾನ ಮಾಡುವ ವಿಧಾನಗಳಿಗೂ ಸ್ಥಾನವಿರಬೇಕೆಂದು ಆ ತತ್ತ್ವಗಳು ಹೇಳುತ್ತವೆ.

ಈ ಹಿನ್ನೆಲೆಯಲ್ಲಿ ಸ್ಪರ್ಧೆಯ ಅಂಕಪಟ್ಟಿಯನ್ನು ವರ್ತಕನು ಖಾತೆ ಪುಸ್ತಕವನ್ನು ಓದುವಂತೆ ಓದಬೇಕು. ಅದರಲ್ಲಿ ಮೆಚ್ಚಬೇಕಾದ ನಮೂದುಗಳಿವೆ. ತತ್ತ್ವಾರ್ಥಸೂತ್ರವು ಪ್ರಮಾದದಿಂದ ಪ್ರಾಣಹರಣ ಮಾಡುವುದನ್ನು ಹಿಂಸೆಯೆಂದಿದೆ. ಪ್ರಾಯೋಗಿಕ ಶೂಟಿಂಗಿನ ನಿಯಮಗಳು ಪ್ರಮಾದವನ್ನು ಕ್ಷಮಿಸುವುದಿಲ್ಲ. ನಳಿಗೆಯ ಬಾಯಿ ನಿಗದಿಯಾದ ಕೋನವನ್ನು ಮೀರಿ ಹಿಂದಕ್ಕೆ ತಿರುಗಿದರೆ, ಕೈತಪ್ಪಿ ಗುಂಡು ಹಾರಿದರೆ, ಎಷ್ಟೇ ದೊಡ್ಡ ಸ್ಪರ್ಧಿಯಾದರೂ ಅವನನ್ನು ಪಂದ್ಯದಿಂದಲೇ ಹೊರಗಿಡುತ್ತಾರೆ. ಹಲಗೆಗಳ ನಡುವೆ ‘ಹೊಡೆಯಬಾರದ’ ಹಲಗೆಗಳನ್ನೂ ನಿಲ್ಲಿಸುತ್ತಾರೆ. ಅವಕ್ಕೆ ಗುಂಡು ತಗುಲಿದರೆ 10 ಅಂಕ ಕಳೆಯುತ್ತದೆ. ಅತ್ಯುತ್ತಮ ಗುರಿಗೆ ದೊರೆಯುವುದು 5 ಅಂಕವಾದ್ದರಿಂದ ಒಂದು ಅಜಾಗರೂಕ ಗುಂಡು ಎರಡು ಉತ್ತಮ ಗುಂಡುಗಳನ್ನು ನುಂಗುತ್ತದೆ.

ಆದರೆ ಅದೇ ಖಾತೆಯಲ್ಲಿ ಎರಡು ಕೊರತೆಗಳೂ ಇವೆ. ಹೊಡೆಯಲೇಬೇಕಾದ ಹಲಗೆಗೆ ಗುರಿ ತಪ್ಪಿದರೂ ಕಳೆಯುವುದು 10 ಅಂಕವೇ. ನಿರಪರಾಧಿಗೆ ಗುಂಡು ತಗುಲುವುದೂ ಅಪರಾಧಿಗೆ ತಗುಲದಿರುವುದೂ ಈ ಲೆಕ್ಕದಲ್ಲಿ ಸಮಾನ ನಷ್ಟ! ಕ್ರೀಡೆಗೆ ಇದು ಸರಿಯಿರಬಹುದು. ಜೀವದ ವ್ಯಾಪಾರದಲ್ಲಿ ಇವೆರಡನ್ನೂ ಒಂದೇ ಬೆಲೆಗೆ ನಮೂದಿಸುವುದು ಸುಳ್ಳು ಲೆಕ್ಕ. ಎರಡನೆಯ ಕೊರತೆ ಇನ್ನೂ ಆಳವಾದದ್ದು. ಸ್ಪರ್ಧಿಯು ಆರಂಭಕ್ಕೆ ಮೊದಲೇ ಅಂಗಳವನ್ನೆಲ್ಲ ಸುತ್ತಿ, ಯಾವ ಹಲಗೆ ಎಲ್ಲಿದೆ, ಯಾವುದನ್ನು ಹೊಡೆಯಬೇಕು, ಯಾವುದನ್ನು ಬಿಡಬೇಕು ಎಂದು ನೋಡಿಕೊಂಡಿರುತ್ತಾನೆ. ಗಡಿಯಾರ ಓಡಲಾರಂಭಿಸಿದ ಮೇಲೆ ‘ಹೊಡೆಯಲೇ, ಬೇಡವೇ’ ಎಂಬ ವಿವೇಚನೆಗೆ ಅವಕಾಶವೇ ಇಲ್ಲ. ಪೊಲೀಸನ ಬದುಕಿನಲ್ಲಿ ಎಲ್ಲಕ್ಕಿಂತ ಕಠಿಣವಾದುದು ಆ ವಿವೇಚನೆಯೇ. ಕತ್ತಲೆಯಲ್ಲಿ ಕೈಯೆತ್ತಿದವನು ಕತ್ತಿ ಹಿಡಿದಿದ್ದಾನೆಯೇ, ಕೈದೀಪ ಹಿಡಿದಿದ್ದಾನೆಯೇ ಎಂದು ತಿಳಿಯುವ ಒಂದು ಕ್ಷಣಕ್ಕೆ ಸ್ಪರ್ಧೆಯಲ್ಲಿ ಅಂಕವಿಲ್ಲ. ಬದಲಾಗಿ, ಆ ಕ್ಷಣವನ್ನು ತೆಗೆದುಕೊಂಡವನು ಹಿಂದೆ ಬೀಳುತ್ತಾನೆ.

ಆದ್ದರಿಂದ ಪೊಲೀಸರಿಗಾಗಿ ಇಂಥ ಸ್ಪರ್ಧೆಯನ್ನು ಏರ್ಪಡಿಸುವವರು ಕ್ರೀಡೆಯ ನಿಯಮವನ್ನು ಇದ್ದಂತೆಯೇ ತಂದು ಬಳಸಿದರೆ ಸಾಲದು. ಮುಂಚೆ ತೋರಿಸದ ಅಂಗಳವೊಂದು ಅದರಲ್ಲಿರಬೇಕು. ಗುಂಡು ಹಾರಿಸದಿರುವುದೇ ಸರಿಯುತ್ತರವಾಗುವ ಘಟ್ಟವೊಂದಿರಬೇಕು. ಅಲ್ಲಿ ಕೂಗಿ ಎಚ್ಚರಿಸಿದವನಿಗೆ, ಹಿಂದೆ ಸರಿದವನಿಗೆ, ಪಿಸ್ತೂಲನ್ನು ಚೀಲಕ್ಕೆ ಮರಳಿಸಿದವನಿಗೆ ಪೂರ್ಣ ಅಂಕ ದೊರೆಯಬೇಕು. ಹೊಡೆಯಬಾರದ ಹಲಗೆಗೆ ಹೊಡೆದವನನ್ನು, ನಳಿಗೆ ತಿರುಗಿಸಿದವನಂತೆಯೇ, ಆ ದಿನದ ಸ್ಪರ್ಧೆಯಿಂದ ಹೊರಗಿಡಬೇಕು. ಗಾಯಗೊಂಡವನ ರಕ್ತ ನಿಲ್ಲಿಸುವ ಪ್ರಥಮ ಚಿಕಿತ್ಸೆಯೂ ಒಂದು ಘಟ್ಟವಾಗಬೇಕು. ಮುನಿಗಳಿಗೆ ಹೇಳಿದ ಸಮಿತಿ ಗುಪ್ತಿಗಳನ್ನು ಪೊಲೀಸನಿಗೆ ವಿಧಿಸಲಾಗದು. ಆದರೆ ನೋಡಿ ನಡೆಯುವ ಈರ್ಯಾಸಮಿತಿಯ ಒಂದು ಕಿಡಿ ಅವನ ಬೆರಳಿನಲ್ಲಿದ್ದರೆ ಬೀದಿಯಲ್ಲಿ ಒಂದು ಜೀವ ಉಳಿದೀತು.

ಸ್ಪರ್ಧೆಯೆಂಬ ಕಲ್ಪನೆಗೂ ಜೈನ ಪರಂಪರೆಗೂ ಹಳೆಯ ನಂಟು. ಭರತ ಬಾಹುಬಲಿಯರ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ಸಾವಿರಾರು ಜನರ ಸಾವನ್ನು ತಪ್ಪಿಸಲು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಸಂಹಾರದ ಸ್ಥಾನದಲ್ಲಿ ಸ್ಪರ್ಧೆ ಬಂತು. 941ರಲ್ಲಿ ಪಂಪನು ಆದಿಪುರಾಣದಲ್ಲಿ ಹಾಡಿದ ಈ ಪ್ರಸಂಗ ಎರಡು ಪಾಠಗಳನ್ನು ಕಲಿಸುತ್ತದೆ. ಸ್ಪರ್ಧೆ ಹಿಂಸೆಯನ್ನು ತಪ್ಪಿಸಬಲ್ಲುದು ಎಂಬುದು ಮೊದಲನೆಯದು. ಸ್ಪರ್ಧೆಯೇ ಕಷಾಯವನ್ನು ಕೆರಳಿಸಬಲ್ಲುದು ಎಂಬುದು ಎರಡನೆಯದು. ಮೂರರಲ್ಲಿಯೂ ಸೋತ ಭರತನು ಕ್ರೋಧದಿಂದ ತಮ್ಮನ ಮೇಲೆ ಚಕ್ರವನ್ನೇ ಪ್ರಯೋಗಿಸಿದನು. ಗೆದ್ದ ಬಾಹುಬಲಿ ಆ ಗೆಲುವಿನಿಂದಲೇ ವಿರಕ್ತನಾದನು. ಪಾರಿತೋಷಕ ಕೊಡುವವನು ಈ ಎರಡನೆಯ ಪಾಠವನ್ನು ಮರೆಯಬಾರದು. ವೇಗಕ್ಕೆ ಮಾತ್ರ ಬೆಳ್ಳಿಯ ಬಟ್ಟಲು ಕೊಟ್ಟರೆ ವೇಗದ ಮಾನಕಷಾಯ ಬೆಳೆಯುತ್ತದೆ. ಸರ್ವೋಚ್ಚ ನ್ಯಾಯಾಲಯವು ಪೊಲೀಸ್ ಎನ್‌ಕೌಂಟರ್‌ಗಳ ಕುರಿತು 2014ರ ಸೆಪ್ಟೆಂಬರ್ 23ರಂದು ಕೊಟ್ಟ ನಿರ್ದೇಶನಗಳಲ್ಲಿ, ಘಟನೆಯ ಬೆನ್ನಲ್ಲೇ ಸರದಿ ಮೀರಿದ ಬಡ್ತಿಯನ್ನಾಗಲಿ ಶೌರ್ಯ ಪುರಸ್ಕಾರವನ್ನಾಗಲಿ ಕೊಡಕೂಡದೆಂದು ಹೇಳಿದೆ. ಬಹುಮಾನದ ಆಸೆ ಬೆರಳನ್ನು ಅವಸರಪಡಿಸಬಾರದೆಂಬ ವಿವೇಕ ಅದರಲ್ಲಿದೆ.

ಸ್ಥಳದ ಆಯ್ಕೆಯಲ್ಲಿಯೂ ಧರ್ಮವಿಚಾರವುಂಟು. ನನ್ನಿವಾಳದ ಸೀಮೆಯ ಬಯಲು ನೋಡುವವನಿಗೆ ಬರಿದಾಗಿ ಕಾಣಬಹುದು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆಯನ್ನು 2009ರಿಂದೀಚೆಗೆ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ, ಅದು ಬರಿ ನೆಲವಲ್ಲ, ದನಕುರಿಗಳ ಮೇವು, ಕೃಷ್ಣಮೃಗಗಳ ಮನೆ ಎಂದು ಅಲ್ಲಿನ ಜನ ನೆನಪಿಸಬೇಕಾಯಿತು. ಹುಲ್ಲುಗಾವಲಿನಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿವೆ, ಮಳೆಗಾಲದಲ್ಲಿ ಲೆಕ್ಕವಿಲ್ಲದ ಕೀಟಗಳಿವೆ. ಗುಂಡಿನ ಸೀಸ ಮಣ್ಣಿನಲ್ಲಿ ಉಳಿದರೆ ವಿಷ. ಆದ್ದರಿಂದ ಇಲಾಖೆಯು ಕಟ್ಟಿಕೊಂಡಿರುವ, ಹಿಂದೆ ಮಣ್ಣಿನ ದಿಬ್ಬವಿರುವ ಅಭ್ಯಾಸ ಮೈದಾನದಲ್ಲಿಯೇ ಸ್ಪರ್ಧೆ ನಡೆಯಬೇಕು. ಹೊಸ ಕಾವಲನ್ನು ಅಗೆಯುವುದು ಕೂಡದು.

ಇನ್ನು ಟ್ರಸ್ಟುಗಳ ಕರ್ತವ್ಯವೇನು? ದೇವದ್ರವ್ಯದಿಂದ ಒಂದು ಕಾಸನ್ನೂ ಇದಕ್ಕೆ ಕೊಡಲಾಗದು. ಅದರ ವಿನಿಯೋಗ ಗೊತ್ತಾದದ್ದು. ತೋಟಾ, ಆಯುಧಗಳ ಖರ್ಚು ಸರ್ಕಾರದ್ದು. ಅದಕ್ಕೆ ಶ್ರಾವಕನ ಕೈ ಸೇರಬಾರದು. ಸಾಧಾರಣ ನಿಧಿಯಿಂದಾಗಲಿ ಸ್ವಂತ ಗಳಿಕೆಯಿಂದಾಗಲಿ ಕೊಡಬಯಸುವವರು ನೀರು, ನೆರಳು, ಶುದ್ಧ ಶಾಕಾಹಾರ, ಕಿವಿ ಕಣ್ಣುಗಳ ರಕ್ಷಣೆಯ ಸಾಧನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವುಗಳಿಗೆ ಕೊಡಬಹುದು. ಪಾರಿತೋಷಕವನ್ನು ಕೊಡಲೇಬೇಕೆಂದರೆ ಒಂದು ನಿಬಂಧನೆಯೊಂದಿಗೆ ಕೊಡಲಿ: ಹಾರಿಸಬಾರದ ಘಟ್ಟದಲ್ಲಿ ಹಾರಿಸದೆ ನಿಂತವನಿಗೆ ಅದು ಸಲ್ಲಬೇಕು. ಏರ್ಪಡಿಸುವವರು ಅಂಥ ಘಟ್ಟವನ್ನೇ ಇಡಲು ಒಪ್ಪದಿದ್ದರೆ ವಿನಯದಿಂದ ಇಲ್ಲವೆನ್ನಲಿ. ಆ ನಿರಾಕರಣೆ ಪೊಲೀಸರ ಮೇಲಿನ ಅಗೌರವವಲ್ಲ, ಅವರ ಕೆಲಸದ ಮೇಲಿನ ಗೌರವ.

ಒಬ್ಬನ ಹಿಂಸೆಯ ಫಲವನ್ನು ಅನೇಕರು ಉಣ್ಣಬೇಕಾದೀತೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎಚ್ಚರಿಸಿದ್ದಾರೆ. ಒಬ್ಬನ ಸಂಯಮವನ್ನು ಅನೇಕರು ಅನುಮೋದಿಸಿದರೆ ಆ ಪುಣ್ಯದಲ್ಲಿಯೂ ಅವರಿಗೆ ಪಾಲುಂಟು. ಊರಿನ ದಾನಿ ತನ್ನ ಹೆಸರನ್ನು ಕೆತ್ತಿಸಬೇಕಾದರೆ ಆ ಎರಡನೆಯ ಖಾತೆಯಲ್ಲಿ ಕೆತ್ತಿಸಲಿ.