ನಗುವಿಗೂ ಲೆಕ್ಕವಿದೆ

ಬಸವನಗುಡಿಯ ಗಾಂಧಿ ಬಜಾರಿನಲ್ಲಾಗಲಿ, ಮಲ್ಲೇಶ್ವರದಲ್ಲಾಗಲಿ ಪುಸ್ತಕದಂಗಡಿಯೊಳಗೆ ಹೋದರೆ ಕಥೆ, ಕಾದಂಬರಿಗಳ ಪಕ್ಕದಲ್ಲೇ ನಗೆಹನಿಗಳ ಪುಸ್ತಕಗಳೂ ಇರುತ್ತವೆ. ಕೈಗೂ ಹಗುರ, ಜೇಬಿಗೂ ಹಗುರ. ಮಕ್ಕಳು ಓದಲಿ ಎಂದು ಕೊಂಡು ತರುತ್ತೇವೆ. ಒಳಗೇನಿದೆಯೆಂದು ಎಷ್ಟು ಮಂದಿ ನೋಡುತ್ತೇವೆ? ಪೆದ್ದ ಸರ್ದಾರ್ಜಿ, ಜಿಪುಣ ಮಾರ್ವಾಡಿ, ಕಿವುಡ ಅಜ್ಜ, ತೊದಲುವ ಗುಮಾಸ್ತ, ದಪ್ಪ ಹೆಂಡತಿ. ಇನ್ನೊಂದು ಪುಟ ತಿರುವಿದರೆ ‘ನಮ್ದುಕೆ, ನಿಮ್ದುಕೆ’ ಎನ್ನುವ ಸಾಬಿ. ಅಲ್ಲಿಯವರೆಗೆ ಅರಳಿದ್ದ ನಮ್ಮ ಮುಖ ಆ ಪುಟದಲ್ಲಿ ಮಾತ್ರ ಬಿಗಿಯುತ್ತದೆ.

ಓದುಗ ಬಂಧುಗಳೇ, ಸರ್ದಾರ್ಜಿಯ ಪುಟದಲ್ಲಿ ಆ ಮುಖ ಏಕೆ ಬಿಗಿಯಲಿಲ್ಲ?

ಇಸ್ಲಾಮ್ ನಗುವಿನ ವೈರಿಯಲ್ಲ. ಸವಾರಿಗೆ ಒಂಟೆ ಕೇಳಿ ಬಂದವನಿಗೆ, ಒಂಟೆಯ ಮರಿಯೊಂದನ್ನು ಕೊಡುವೆನೆಂದರು ಪ್ರವಾದಿವರ್ಯರು(ಸ). ಮರಿಯಿಂದ ನನಗೇನು ಪ್ರಯೋಜನವೆಂದು ಆತ ಗಾಬರಿಯಾದಾಗ, ದೊಡ್ಡ ಒಂಟೆಯೂ ಒಂದು ಒಂಟೆಯ ಮರಿಯೇ ತಾನೇ ಎಂದು ಕೇಳಿದರು. ಅವರ ವಿನೋದದಲ್ಲಿ ಸುಳ್ಳಿರಲಿಲ್ಲ, ಯಾರನ್ನೂ ಕೀಳಾಗಿಸುವ ಉದ್ದೇಶವೂ ಇರಲಿಲ್ಲ. ಜನರನ್ನು ನಗಿಸಲೆಂದೇ ಸುಳ್ಳು ಹೇಳುವವನಿಗೆ ಅವರು ಕೊಟ್ಟಿರುವ ಎಚ್ಚರಿಕೆ ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿದೆ. ನಗೆಹನಿ ಹೇಳುವವರು ಅದನ್ನೊಮ್ಮೆ ಓದಬೇಕು.

ಪವಿತ್ರ ಕುರ್‌ಆನಿನ 49ನೇ ಅಧ್ಯಾಯವಾದ ಅಲ್ ಹುಜುರಾತ್‌ನ 11ನೇ ಸೂಕ್ತವು ಒಂದು ಸಮುದಾಯವು ಇನ್ನೊಂದನ್ನು ಗೇಲಿ ಮಾಡುವುದನ್ನು ನಿಷೇಧಿಸುತ್ತದೆ. ಗೇಲಿಗೊಳಗಾದವರೇ ಉತ್ತಮರಾಗಿರಬಹುದೆಂಬ ಕಾರಣವನ್ನೂ ಕೊಡುತ್ತದೆ. ಸ್ತ್ರೀಯರನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ. ಅಡ್ಡಹೆಸರು ಇಡುವುದನ್ನೂ ತಡೆಯುತ್ತದೆ. ಮದುವೆ ಮನೆಯಲ್ಲಿ ವಧುವಿನ ಬಣ್ಣವನ್ನೋ ವರನ ಕುಳ್ಳತನವನ್ನೋ ಎತ್ತಿ ನಗುವವರಿಗೂ ಈ ಸೂಕ್ತ ಅನ್ವಯಿಸುತ್ತದೆ. ಹಝ್ರತ್ ಸಫಿಯ್ಯಾ(ರ)ರ ಎತ್ತರವನ್ನು ಕುರಿತು ಬಂದ ಒಂದೇ ಒಂದು ಮಾತನ್ನು, ಕಡಲಿಗೆ ಬೆರೆತರೆ ಕಡಲನ್ನೇ ಕೆಡಿಸುವಂಥದ್ದೆಂದು ಪ್ರವಾದಿವರ್ಯರು(ಸ) ಕಂಡರು. ಇಬ್ನು ಮಸ್‌ಊದ್(ರ)ರ ಸಣಕಲು ಕಾಲುಗಳನ್ನು ಕಂಡು ಕೆಲವರು ನಕ್ಕಾಗ, ಪರಲೋಕದ ತಕ್ಕಡಿಯಲ್ಲಿ ಅವು ಉಹುದ್ ಪರ್ವತಕ್ಕಿಂತ ಭಾರವೆಂದು ತಿಳಿಸಿದರು.

ಸರ್ದಾರ್ಜಿ ಜೋಕುಗಳನ್ನು ತಡೆಯಬೇಕೆಂದು 2015ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಗಿತ್ತು. ಜನರ ನಡವಳಿಕೆಗೆ ನೈತಿಕ ನಿಯಮಗಳನ್ನು ನ್ಯಾಯಾಲಯವು ರೂಪಿಸಿಕೊಡಲಾಗದೆಂದು 2017ರಲ್ಲಿ ಪೀಠ ಹೇಳಿತು. ಸರಿಯೇ. ಮನೆಯ ಪಡಸಾಲೆಯಲ್ಲಿ ಯಾರು ಏನಕ್ಕೆ ನಕ್ಕರೆಂದು ನೋಡಲು ಪೊಲೀಸರು ಬರಲಾರರು. ಆದರೆ ಬರೆದಿಡುವವರು ನಮ್ಮ ಎರಡೂ ಬದಿಗಳಲ್ಲಿದ್ದಾರೆ ಎಂಬುದಲ್ಲವೇ ನಮ್ಮ ವಿಶ್ವಾಸ?

ಅಮೆರಿಕದಲ್ಲಿ 1980ರ ದಶಕದಲ್ಲಿ ‘ಟ್ರೂಲಿ ಟೇಸ್ಟ್‌ಲೆಸ್ ಜೋಕ್ಸ್’ ಎಂಬ ಸಂಗ್ರಹ ಬಂತು. ಜನಾಂಗ, ಧರ್ಮ, ಅಂಗವೈಕಲ್ಯ ಯಾವುದನ್ನೂ ಬಿಡದ ಪುಸ್ತಕ. ಭರ್ಜರಿಯಾಗಿ ಮಾರಾಟವಾಯಿತು. ಮುಖಪುಟದಲ್ಲಿದ್ದ ‘ಬ್ಲಾಂಚ್ ನಾಟ್’ ಎಂಬುದು ಮಾತ್ರ ಸಂಪಾದಕಿಯ ನಿಜವಾದ ಹೆಸರಲ್ಲ. ಆ ಹೆಸರಿನ ಹಿಂದಿದ್ದ ಆಶ್ಟನ್ ಆಪಲ್‌ವೈಟ್ 2016ರಲ್ಲಿ ತಮ್ಮದೇ ಹೆಸರಿನಲ್ಲಿ ಪುಸ್ತಕವೊಂದನ್ನು ಹೊರತಂದರು. ಅದು ಮುದುಕರನ್ನು ಹೀನಾಯವಾಗಿ ಕಾಣುವುದರ ವಿರುದ್ಧ ಬರೆದದ್ದು!

ಅಂಥ ಸರಕಿಲ್ಲದೆ ಹಾಸ್ಯವೇ ಇಲ್ಲವೆನ್ನುವವರಿಗೆ ನಮ್ಮ ಬೆಂಗಳೂರೇ ಉತ್ತರ ಕೊಟ್ಟಿದೆ. ವೈದ್ಯರಾಗಿದ್ದ ಡಾ. ಎಂ. ಶಿವರಾಂ ‘ರಾಶಿ’ 1942ರಲ್ಲಿ ಆರಂಭಿಸಿದ ‘ಕೊರವಂಜಿ’ 1967ರವರೆಗೆ ನಡೆಯಿತು. ರಾಜಕಾರಣ, ದಿನನಿತ್ಯದ ಸಂಸಾರ, ಓದುಗರ ಸ್ವಂತ ಎಡವಟ್ಟುಗಳು — ಇವೇ ಅದಕ್ಕೆ ಧಾರಾಳವಾಗಿ ಒದಗುತ್ತಿದ್ದವು. ಆ ಪರಂಪರೆಯ ‘ಅಪರಂಜಿ’ ಹುಟ್ಟಿದ್ದು 1983ರಲ್ಲಿ.

ಸಾಬಿಯ ಜೋಕಿಗೆ ನೊಂದುಕೊಳ್ಳುವ ನಾವು ನಮ್ಮೊಳಗೇನು ಮಾಡುತ್ತೇವೆ? ದಖನಿ ಮಾತಾಡುವವರು ಬ್ಯಾರಿಗಳ ಉರ್ದುವನ್ನು ಅಣಕಿಸುತ್ತಾರೆ, ಅವರು ಇವರ ಕನ್ನಡವನ್ನು. ಮಸೀದಿಯ ಮುಅಝ್ಝಿನ್‌ನ ಬಡತನವೂ ನಮಗೆ ಜೋಕು. ಒಬ್ಬರ ಮಾನಕ್ಕೆ ಅನ್ಯಾಯ ಮಾಡಿದವನು ಈ ಲೋಕದಲ್ಲೇ ಅವರಿಂದ ಕ್ಷಮೆ ಪಡೆಯಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಎದುರಿಗಿರುವವನನ್ನು ಕ್ಷಮೆ ಕೇಳಬಹುದು. ಮೊಬೈಲಿನಲ್ಲಿ ಇಪ್ಪತ್ತು ಗುಂಪುಗಳಿಗೆ ದಾಟಿಸಿದ ಜೋಕಿಗೆ ಯಾರ ಮನೆಯ ಬಾಗಿಲು ತಟ್ಟುವುದು?

ಮಗು ಪುಸ್ತಕ ಹಿಡಿದು “ಅಬ್ಬಾ, ಒಂದು ಸರ್ದಾರ್ಜಿ ಜೋಕು” ಎಂದು ಓಡಿ ಬಂದರೆ ಗದರಬೇಡಿ. ಝಾಹಿರ್(ರ)ರ ಪ್ರಸಂಗ ಹೇಳಿ. ಅವರು ಮರುಭೂಮಿಯ ಹಳ್ಳಿಗರು, ನೋಡಲು ಚೆಲುವರಲ್ಲ. ಸಂತೆಯಲ್ಲಿ ಸರಕು ಮಾರುತ್ತಿದ್ದಾಗ ಪ್ರವಾದಿವರ್ಯರು(ಸ) ಹಿಂದಿನಿಂದ ಬಂದು ತಬ್ಬಿ ಹಿಡಿದರು. ಯಾರದು, ಬಿಡಿ ಎಂದು ಕೊಸರಿದ ಝಾಹಿರ್(ರ), ಗುರುತು ಸಿಕ್ಕೊಡನೆ ತಮ್ಮ ಬೆನ್ನನ್ನು ಅವರ ಎದೆಗೇ ಒತ್ತಿ ನಿಂತರು. ಈ ದಾಸನನ್ನು ಯಾರು ಕೊಳ್ಳುವಿರಿ ಎಂದು ಪ್ರವಾದಿವರ್ಯರು(ಸ) ಕೂಗಿದರು. ನನಗೆಲ್ಲಿ ಬೆಲೆ ಬಂದೀತು ಎಂದರು ಝಾಹಿರ್(ರ). ಅಲ್ಲಾಹನ ಬಳಿ ನೀನು ಬೆಲೆಯುಳ್ಳವನು ಎಂಬ ಉತ್ತರ ಬಂತು. ಆ ‘ದಾಸ’ ಯಾರ ದಾಸನೆಂದು ಮಗುವನ್ನೇ ಕೇಳಿ.