ಶ್ರುತಿ ಯಾರ ಗಂಟಲಿಗೆ?

ಮನುಷ್ಯ ಇನ್ನೂ ಮೇಲಕ್ಕೆ ಬರಬೇಕು ಅನ್ನೋರು ಒಂದು ಕಡೆ. ದೇವರು ಕೊಟ್ಟಷ್ಟರಲ್ಲೇ ತೃಪ್ತಿಪಡು ಅನ್ನೋರು ಇನ್ನೊಂದು ಕಡೆ. ಯಾರ ಮಾತು ಹಿಡೀಬೇಕು? ಎರಡೂ ಬೇಕು, ಆದರೆ ಯಾವುದು ಮೊದಲು ಅನ್ನೋದು ಗೊತ್ತಿರಬೇಕು ಅಂತ ನನ್ನ ತಿಳುವಳಿಕೆ.

ಭಜನೆಗೆ ಕೂತಾಗ ಮೊದಲು ಶ್ರುತಿ ಹಿಡೀತೇವೆ. ನಾಟಕದವರು ಹಾರ್ಮೋನಿಯಂನ ಬಿಳಿ ನಾಲ್ಕರಲ್ಲಿ ಹಾಡ್ತಾರೆ ಅಂತ ಕಪ್ಪು ಒಂದರ ಗಂಟಲಿನವನೂ ಅಲ್ಲೇ ಹಿಡಿದರೆ, ಎರಡನೇ ನುಡಿಗೇ ದನಿ ಒಡೀತದೆ. ತನ್ನ ಗಂಟಲು ಇಷ್ಟು ಅಂತ ಒಪ್ಪಿಕೊಂಡವನು ಅಲ್ಲಿಂದಲೇ ದಿನಾ ಸಾಧನೆ ಮಾಡಿದರೆ ಅದೇ ದನಿ ತುಂಬಿ ಬರ್ತದೆ. ಒಪ್ಪಿಕೊಂಡೆ ಅಂತ ಸಾಧನೆ ಬಿಟ್ಟವನ ದನಿಗೆ ತುಕ್ಕು ಹಿಡೀತದೆ.

ಹೊಲವೂ ಹಾಗೇ. ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳೋ ಮಳೆ ಸುಮಾರು 550 ಮಿಲಿಮೀಟರ್. ಕಾಲುವೆ ನೀರಿಲ್ಲದ ಮಸಾರಿ ನೆಲದಲ್ಲಿ ಭತ್ತ ಬೆಳೆಯೋದಿಲ್ಲ. ಹಾಗಂತ ಬೀಳು ಬಿಡ್ತೇವಾ? ಬದು ಹಾಕ್ತೇವೆ, ಕೆರೆ ಮಣ್ಣು ಹೊಡೀತೇವೆ, ಶೇಂಗಾ ಸಾಲಿನ ನಡುವೆ ತೊಗರಿ ಹಾಕ್ತೇವೆ. ನೆಲವನ್ನ ಬೈದು ಯಾರೂ ಬೆಳೆ ತೆಗೆದಿಲ್ಲ. ಪಕ್ಕದವನ ಬೋರಿಗೆ ನೀರು ಬಿತ್ತು ಅಂತ ಸಾಲ ಮಾಡಿ, ಒಂದರ ಮೇಲೊಂದು ಬೋರು ಕೊರೆಸಿ, ಹೊಲವನ್ನೇ ಕಳಕೊಂಡ ಮನೆಗಳನ್ನ ಈ ಸೀಮೆಯಲ್ಲಿ ಕಂಡಿದ್ದೇವೆ. ಪಕ್ಕದವನ ಶ್ರುತಿಗೆ ಹಾಡೋದು ಅಂದರೆ ಅದೇ.

ಆದರೆ ಒಂದು ಎಚ್ಚರ. 'ನನ್ನ ಅಳತೆ ಇಷ್ಟು' ಅನ್ನೋ ಮಾತನ್ನ ಮನುಷ್ಯ ತನಗೆ ತಾನೇ ಹೇಳಿಕೊಳ್ಳಬೇಕು, ಅದೂ ದುಡಿದು ನೋಡಿದ ಮೇಲೆ. ಇನ್ನೊಬ್ಬರಿಗೆ ಹೇಳೋ ಮಾತಲ್ಲ ಅದು. ಬಡವರಿಗೆ, ಹೆಣ್ಣುಮಕ್ಕಳಿಗೆ 'ನಿನ್ನ ಹಣೇಲಿ ಬರೆದಿದ್ದೇ ಇಷ್ಟು' ಅಂದವರು ತೃಪ್ತಿಯ ಹೆಸರಲ್ಲಿ ಬಾಗಿಲು ಹಾಕಿದರು.

ಮೇಷ್ಟ್ರುಗಳಿಗೂ ಒಂದು ಮಾತು ಹೇಳೋದಿದೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ತಾಲೂಕು ಆಂಧ್ರಕ್ಕೆ ಸೇರಿತು. ನಮ್ಮ ಮಕ್ಕಳಿಗೆ ಮನೇಲಿ ಕನ್ನಡ, ಕಚೇರೀಲಿ ತೆಲುಗು, ಕೆಲಸಕ್ಕೆ ಇಂಗ್ಲೀಷು. ಎಲ್ಲಾ ಕಲಿಸಿ, ಪುಸ್ತಕದ ಕನ್ನಡವನ್ನೂ ಕಲಿಸಿ. ಆದರೆ ಮಗು ಅವ್ವನಿಂದ ಕಲಿತ ಮಾತಿಗೆ ನಗಬೇಡಿ. ನಾಚಿಕೊಂಡ ಮಗು ಬಾಯಿ ಮುಚ್ತದೆ. ಮುಚ್ಚಿದ ಬಾಯಿಗೆ ಯಾವ ಭಾಷೆ ಕಲಿಸ್ತೀರಿ? 'ನಿನ್ನ ಮಾತು ಚೆನ್ನಾಗಿದೆ, ಇನ್ನೊಂದು ರೀತಿಯೂ ಇದೆ ಕಲಿ' ಅಂದರೆ ಸಾಕು. ಅದರಲ್ಲಿ ಒಪ್ಪೋದೂ ಇದೆ, ಬೆಳೆಸೋದೂ ಇದೆ.