ಸಾಕು ಎನ್ನುವುದೂ ಕಾಯಕ

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ವಿಜಯಪುರ, ಬಾಗಲಕೋಟೆಗೂ ಇದೇ ಆದೇಶ. ಬಿಸಿಲು 43, 44 ಡಿಗ್ರಿ ಮುಟ್ಟುವ ನಾಡಿನಲ್ಲಿ ಇದು ಆಗಬೇಕಾದದ್ದೇ. ಮನುಷ್ಯನ ಮೈಗೆ ಒಂದು ಮಿತಿ ಇದೆ, ಕೆಲಸದ ಗಡಿಯಾರ ಆ ಮಿತಿಯನ್ನು ನೋಡಿಕೊಂಡು ನಡೆಯಬೇಕು ಎಂಬುದನ್ನು ಸರ್ಕಾರ ಪ್ರತಿ ಬೇಸಿಗೆಯಲ್ಲೂ ಕಾಗದದ ಮೇಲೆ ಒಪ್ಪಿಕೊಳ್ಳುತ್ತದೆ. ಆ ಒಪ್ಪಿಗೆಯ ಮೇಲೆ ನನಗೆ ಗೌರವವಿದೆ. ಅದಕ್ಕಾಗಿಯೇ ಕೇಳಬೇಕೆನಿಸುತ್ತದೆ: ಅದೇ ಮಧ್ಯಾಹ್ನ ಕಾದ ಎಂಜಿನ್ನಿನ ಪಕ್ಕ ಕೂತು ಸ್ಟೇರಿಂಗ್ ಹಿಡಿದವನ ಮೈ ಯಾವ ಆದೇಶದಲ್ಲಿದೆ? ಕಪನೂರಿನ ದಾಲ್ ಮಿಲ್ಲಿನಲ್ಲಿ ತೊಗರಿ ಚೀಲ ಹೊರುವ ಹಮಾಲನದು? ಎಟಿಎಂ ಬಾಗಿಲಲ್ಲಿ 12 ತಾಸು ಕಾಯುವ ವಾಚ್‌ಮನ್‌ದು?

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕೆಂಪು ಬಾಳೆಹಣ್ಣಿನ ಕಮಲಾಪುರ ಸಿಗುತ್ತದೆ. ಅಲ್ಲಿಂದ ಒಳಗಿನ ಹಳ್ಳಿಗಳಿಗೆ ರಾತ್ರಿ ಹೋಗಿ ನಿಲ್ಲುವ ಬಸ್ಸಿಗೆ ಜನ ವಸತಿ ಬಸ್ಸು ಅನ್ನುತ್ತಾರೆ. ಕೊನೆಯ ಪ್ರಯಾಣಿಕ ಇಳಿದ ಮೇಲೆ ಕಂಡಕ್ಟರ್ ಒಳದೀಪದ ಬೆಳಕಿನಲ್ಲಿ ಹತ್ತರ ನೋಟು, ಇಪ್ಪತ್ತರ ನೋಟು ಬೇರೆಬೇರೆ ಜೋಡಿಸಿ, ಮಿಷಿನ್ನಿನ ಲೆಕ್ಕಕ್ಕೆ ತಾಳೆ ನೋಡಿ, ಚಿಲ್ಲರೆಯ ಚೀಲವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾನೆ. ಡ್ರೈವರ್ ಉದ್ದನೆಯ ಸೀಟಿನ ಮೇಲೆ ಚಾದರ ಹಾಸುತ್ತಾನೆ. ಕಾಲು ಚಾಚಿದರೆ ಪಾದ ಹೊರಗೆ, ಮಡಿಚಿದರೆ ಮೊಣಕಾಲಿಗೆ ಕಂಬಿ. ಬೆಳಕು ಹರಿಯುವ ಮೊದಲೇ ಇದೇ ಬಸ್ಸು ಮತ್ತೆ ಹೊರಡಬೇಕು. ಹಾಲಿನ ಕ್ಯಾನು, ಕಾಲೇಜಿನ ಹುಡುಗಿಯರು, ದೊಡ್ಡಾಸ್ಪತ್ರೆಗೆ ಹೊರಟ ಮುದುಕರು, ಎಲ್ಲರೂ ಅದಕ್ಕೇ ಕಾದಿರುತ್ತಾರೆ. ಅಂಥ ಒಂದು ಮುಂಜಾನೆ ಡ್ರೈವರ್ ಬಳಿಯ ಸೀಟು ಸಿಕ್ಕಾಗ ಕೇಳಿದ್ದೆ: "ಏನ್ರೀ ಅಣ್ಣಾರ, ನಿದ್ದಿ ಆತೇನ್ರಿ?" ಮುಖಕ್ಕೆ ನೀರು ಚಿಮುಕಿಸಿಕೊಳ್ಳುತ್ತಿದ್ದವರು ಟವೆಲಿನಿಂದ ಒರೆಸಿಕೊಂಡು ಹೇಳಿದರು: "ಎಲ್ಲಿ ನಿದ್ದಿರಿ ಸರ. ಸೊಳ್ಳಿ ಒಂದ್ ಕಡಿ, ಸೆಕಿ ಒಂದ್ ಕಡಿ. ಕಣ್ಣ ಮುಚ್ಚಿದ್ದೆ, ಅಷ್ಟೇ." ಆಮೇಲೆ ಗೇರ್ ಹಾಕಿದರು. ಬಸ್ಸಿನಲ್ಲಿ ನಾವು ನಿಂತವರೂ ಸೇರಿ ಎಪ್ಪತ್ತು ಜನರಿಗೆ ಕಡಿಮೆ ಇರಲಿಲ್ಲ.

ಅವರ ಪರವಾಗಿ ಕಾನೂನು ಇಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು ಗೆರೆ ಎಳೆಯಿತು. ದೂರದ ಓಟಕ್ಕೆ 10 ಮತ್ತು 54ರವರೆಗೆ ಸಡಿಲಿಸಿತು. ಐದು ತಾಸಿನ ಕೆಲಸಕ್ಕೆ ಅರ್ಧ ತಾಸಿನ ಬಿಡುವು, ವಾರಕ್ಕೊಂದು ರಜೆ ಎಂದಿತು. ಆದರೆ ಕೆಲಸ ಮುಗಿದ ಮೇಲಿನ ಹೊತ್ತೆಲ್ಲ ಲೆಕ್ಕದಲ್ಲಿ ವಿಶ್ರಾಂತಿಯೇ. ಸೆಕೆಯಲ್ಲಿ ಮಗ್ಗುಲು ಬದಲಿಸಿದ ಆರು ತಾಸೂ ವಿಶ್ರಾಂತಿ, ಫ್ಯಾನಿನ ಕೆಳಗೆ ಮೈಮರೆತ ಆರು ತಾಸೂ ವಿಶ್ರಾಂತಿ. ಮಹಿಳಾ ಕಂಡಕ್ಟರ್ ಆದರೆ ಇನ್ನೊಂದು ಕಷ್ಟ ಸೇರುತ್ತದೆ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಬೇಸಿಗೆಯಲ್ಲೂ ನೀರು ಕುಡಿಯುವುದನ್ನೇ ಕಡಿಮೆ ಮಾಡುವವರಿದ್ದಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಹೆಣ್ಣುಮಕ್ಕಳು ಧೈರ್ಯವಾಗಿ ಬಸ್ ಹತ್ತುವಂತಾಯಿತು. ಅದು ನನಗೆ ಸಂತೋಷದ ಸಂಗತಿ. ಆ ಗದ್ದಲದ ನಡುವೆ ಸೊನ್ನೆ ರೂಪಾಯಿಯ ಟಿಕೆಟನ್ನೂ ಒಂದೊಂದಾಗಿ ಹರಿದು ಕೊಡುವ ಕೈಗೆ ಎಷ್ಟು ಕೆಲಸ ಹೆಚ್ಚಿತೆಂದು ಅದೇ ಸಂತೋಷದಲ್ಲಿ ನಾವು ಕೇಳಬೇಕಿತ್ತು.

ಇಂಥ ಮಾತು ಎತ್ತಿದಾಗಲೆಲ್ಲ ಒಂದು ಉತ್ತರ ಸಿದ್ಧವಾಗಿರುತ್ತದೆ: ಇದು ಕಾಯಕದ ನೆಲ, ಇಲ್ಲಿ ದುಡಿಮೆಗೆ ಲೆಕ್ಕ ಕೇಳಬಾರದು. ಕಾಯಕದ ಹಿರಿಮೆಯನ್ನು ಗೋಡೆಗೆ ಬರೆಸಿ ಅದರ ಕೆಳಗೇ 14 ತಾಸು ದುಡಿಸುವವರಿದ್ದಾರೆ. ನನಗೆ ಇದು ತೀರಾ ನೋವು ಕೊಡುತ್ತದೆ, ಏಕೆಂದರೆ ಶರಣರ ಕಥೆ ಹೇಳುವುದು ಇದಕ್ಕೆ ವಿರುದ್ಧವಾದದ್ದನ್ನು.

ಕಮಲಾಪುರ ದಾಟಿ ಹುಮನಾಬಾದ್ ಮೇಲೆ ಹೋದರೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದ ಆ ಕಲ್ಯಾಣದಲ್ಲಿ, ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಇದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಅಟ್ಟಕ್ಕೇರಿಸಲಿಲ್ಲ. ನಮಗೆ ಇಂದಿಗೆ ಬೇಕಾದದ್ದು ಇಷ್ಟೇ, ಈ ಹೆಚ್ಚಿನ ಆಸೆ ನಿನಗೆ ಎಲ್ಲಿಂದ ಬಂತು, ಹೋಗಿ ಅಲ್ಲಿಯೇ ಹಾಕಿ ಬಾ ಎಂದಳು. ಗಂಡ ಸೋಮಾರಿಯಾದಾಗ ಕಾಯಕಕ್ಕೆ ಎಬ್ಬಿಸಿ ಕಳಿಸಿದವಳೂ ಇದೇ ಲಕ್ಕಮ್ಮ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ದುಡಿಯದಿರುವುದು ಹೇಗೆ ತಪ್ಪೋ ಮಿತಿ ಮೀರಿ ಬಾಚುವುದೂ ಹಾಗೇ ತಪ್ಪು ಎಂಬುದು ಆ ಹೆಣ್ಣುಮಗಳ ನಿಲುವು. ವಾರಕ್ಕೆ 70 ತಾಸು ದುಡಿಯಿರಿ ಎಂದು 2023ರಲ್ಲಿ ಇನ್ಫೊಸಿಸ್‌ನ ನಾರಾಯಣ ಮೂರ್ತಿ ಯುವಕರಿಗೆ ಹೇಳಿದರು. 2025ರ ಜನವರಿಯಲ್ಲಿ ಇನ್ನೊಂದು ದೊಡ್ಡ ಕಂಪನಿಯ ಅಧ್ಯಕ್ಷರು ಅದನ್ನು 90ಕ್ಕೆ ಏರಿಸಿದರು. ಎಂಟುನೂರು ವರ್ಷಗಳ ಹಿಂದೆಯೇ ಅಕ್ಕಿ ಆಯುವ ಬಡ ಮನೆಯೊಂದು ಇದಕ್ಕೆ ಉತ್ತರ ಕೊಟ್ಟಿದೆ, ಮತ್ತು ಆ ಉತ್ತರ ನಮ್ಮ ಭಾಷೆಯಲ್ಲೇ ಇದೆ.

ತಾಸುಗಳನ್ನು ಇಳಿಸಿಕೊಳ್ಳಲು ಈ ದೇಶದ ಕಾರ್ಮಿಕರು ಪಟ್ಟ ಪಾಡೂ ದೊಡ್ಡದು. 1862ರಲ್ಲೇ ಹೌರಾದ ರೈಲ್ವೆ ಕೆಲಸಗಾರರು 8 ತಾಸಿನ ದಿನ ಬೇಕೆಂದು ಕೆಲಸ ನಿಲ್ಲಿಸಿದ್ದರು. ಮುಂಬಯಿಯ ಗಿರಣಿಗಳಿಗೆ ವಾರದ ರಜೆ ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ. ಬ್ರಿಟಿಷ್ ಭಾರತದ ಕಾಯ್ದೆ 1911ರಲ್ಲಿ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ತಾಸು ಎಂದಿತು. 1922ರಲ್ಲಿ ಅದು 11ಕ್ಕೆ, 1934ರಲ್ಲಿ 10ಕ್ಕೆ ಬಂತು. ಅಂಬೇಡ್ಕರ್ ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಕಾಲದ ಪ್ರಯತ್ನದಿಂದ 1946ರಲ್ಲಿ ವಾರದ ದುಡಿಮೆ 48 ತಾಸಿಗೆ ಇಳಿಯಿತು. ನಮ್ಮ ಊರು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಮೆಹಬೂಬ್ ಶಾಹಿ ಹೆಸರಿನ ಎಂ.ಎಸ್.ಕೆ. ಮಿಲ್ಲಿನಲ್ಲಿ ತಲೆಮಾರುಗಳ ಜನ ಪಾಳಿ ಲೆಕ್ಕದಲ್ಲಿ ಬದುಕಿದರು. ಮಿಲ್ ಮುಚ್ಚಿ ಎಷ್ಟೋ ವರ್ಷಗಳಾದವು, ಹೆಸರು ಬಡಾವಣೆಗೆ ಉಳಿದಿದೆ.

ಒಂದು ತಾಸು ಇಳಿಯಲು ಹತ್ತಾರು ವರ್ಷ ಹಿಡಿದ ದಿನದ ದುಡಿಮೆಯ ಗೆರೆಯನ್ನು 2023ರ ಫೆಬ್ರವರಿಯಲ್ಲಿ ಕರ್ನಾಟಕದ ವಿಧಾನಮಂಡಲ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು ಮತ್ತೆ 12 ತಾಸಿಗೆ ಒಯ್ದಿತು. ವಾರದ ಮಿತಿ 48 ತಾಸೇ ಇರುತ್ತದೆ, ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕು ಎಂಬ ಮಾತೂ ಅದರಲ್ಲಿತ್ತು. ಮೂರು ತಿಂಗಳಿಗೆ 75 ತಾಸಿದ್ದ ಓಟಿ ಮಿತಿಯನ್ನು 144ಕ್ಕೆ ಏರಿಸಿತು. ಲಿಖಿತ ಒಪ್ಪಿಗೆ ಎಂಬುದನ್ನು ನಾನು ಬಹಳ ಯೋಚಿಸಿದ್ದೇನೆ. ಸಹಿ ಹಾಕದಿದ್ದರೆ ನಾಳೆ ಗೇಟಿನೊಳಗೆ ಬಿಡುತ್ತಾರೋ ಇಲ್ಲವೋ ಎಂಬ ಅಂಜಿಕೆಯಲ್ಲಿ ಹಾಕಿದ ಸಹಿ ಒಪ್ಪಿಗೆಯಾಗುವುದಿಲ್ಲ.

ಆದರೆ ಇನ್ನೊಂದು ಸತ್ಯವನ್ನೂ ಹೇಳಬೇಕು. ಡಬಲ್ ಡ್ಯೂಟಿಯನ್ನು ಕೇಳಿ ಪಡೆಯುವವರೂ ಇದ್ದಾರೆ. ನಮ್ಮ ಭಾಗದ ಎಷ್ಟೋ ಕಂಡಕ್ಟರ್, ಸೆಕ್ಯುರಿಟಿ ಗಾರ್ಡ್, ಸಿಮೆಂಟ್ ಫ್ಯಾಕ್ಟರಿಯ ಕೆಲಸಗಾರರಿಗೆ ಊರಲ್ಲಿ ಎರಡು ಮೂರು ಎಕರೆ ತೊಗರಿ ಹೊಲ ಇರುತ್ತದೆ. ಸತತ ಎರಡು ಪಾಳಿ ಮುಗಿಸಿದರೆ ಎರಡು ದಿನ ಊರಿಗೆ ಹೋಗಬಹುದು, ರಾಶಿ ನೋಡಿಕೊಳ್ಳಬಹುದು. ಮಗಳ ಫೀಸಿಗೆ ಓಟಿ ದುಡ್ಡೇ ಆಧಾರ. ಇವರಿಗೆ ನಿದ್ದೆಯ ಮಹತ್ವದ ಮೇಲೆ ಉಪನ್ಯಾಸ ಕೊಡಲು ಯಾರಿಗೆ ಬಾಯಿ ಬರುತ್ತದೆ? 8 ತಾಸಿನ ಸಂಬಳದಲ್ಲಿ ಮನೆ ನಡೆಯುವಂತಿದ್ದರೆ 16 ತಾಸು ಯಾರೂ ಬೇಡುತ್ತಿರಲಿಲ್ಲ. ತಾಸಿನ ಪ್ರಶ್ನೆಯ ಕೆಳಗೆ ಕೂಲಿಯ ಪ್ರಶ್ನೆ ಇದೆ, ಅದನ್ನು ಮುಟ್ಟದೆ ಇದನ್ನು ಬಿಡಿಸಲಾಗದು.

ಮೈ ಮಾತ್ರ ಬಡತನ ಸಿರಿತನ ನೋಡುವುದಿಲ್ಲ. 17 ತಾಸು ಎಚ್ಚರವಿದ್ದವನ ಕೈ ಮತ್ತು ಬುದ್ಧಿ ಒಂದಷ್ಟು ಮದ್ಯ ಕುಡಿದವನಂತೆ ನಿಧಾನವಾಗುತ್ತವೆಂದು ವಿಜ್ಞಾನಿಗಳು 1997ರಲ್ಲೇ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ವಾರಕ್ಕೆ 55 ತಾಸು ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ 35ರಿಂದ 40 ತಾಸು ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 7 ಲಕ್ಷ 45 ಸಾವಿರ ಜನ ಇಂಥ ದೀರ್ಘ ದುಡಿಮೆಯಿಂದ ಬಂದ ಪಾರ್ಶ್ವವಾಯು, ಹೃದ್ರೋಗಗಳಿಂದ ಸತ್ತರೆಂದು ಅದು ಅಂದಾಜಿಸಿತು.

ಕಮಲಾಪುರದ ಹೆಸರು ಬಂದಾಗ 2022ರ ಜೂನ್ 3ರ ಬೆಳಗು ಮರೆಯುವುದಿಲ್ಲ. ಗೋವಾದಿಂದ ಹೈದರಾಬಾದಿಗೆ ರಾತ್ರಿಯಿಡೀ ಓಡಿ ಬಂದ ಖಾಸಗಿ ಬಸ್ಸು ಅಲ್ಲಿ ಅಪಘಾತಕ್ಕೀಡಾಗಿ ಹೊತ್ತಿ ಉರಿಯಿತು. ಕನಿಷ್ಠ ಏಳು ಜನ ಬಸ್ಸಿನೊಳಗೇ ಸುಟ್ಟುಹೋದರು. ಅದಕ್ಕೆ ನಿದ್ದೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಬೆಳಗಿನ ಜಾವದ ಹೆದ್ದಾರಿಯಲ್ಲಿ ಎಷ್ಟು ಜನರ ಪ್ರಾಣ ಒಬ್ಬಿಬ್ಬರ ಎಚ್ಚರವನ್ನು ನಂಬಿ ಮಲಗಿರುತ್ತದೆ ಎಂಬುದು ಅವತ್ತು ಮನಸ್ಸಿಗೆ ನಾಟಿತು. ಡ್ರೈವರನ ನಿದ್ದೆ ಅವನ ಮನೆಯ ವಿಷಯವಷ್ಟೇ ಎಂದುಕೊಂಡು ಟಿಕೆಟ್ ಕೊಳ್ಳುವುದು ನನ್ನಿಂದ ಆಮೇಲೆ ಆಗಿಲ್ಲ.

ಆಸ್ಪತ್ರೆಯ ಕಥೆಯೂ ಇದೇ. ಕಲಬುರಗಿಯಲ್ಲಿ ನಾಲ್ಕು ವೈದ್ಯಕೀಯ ಕಾಲೇಜುಗಳಿವೆ. ಯಾದಗಿರಿ, ಬೀದರಿನಿಂದಲೂ ರೋಗಿಗಳು ಬರುತ್ತಾರೆ. ಕಿರಿಯ ವೈದ್ಯರ ಸತತ ಕೆಲಸ ಸಾಮಾನ್ಯವಾಗಿ ದಿನಕ್ಕೆ 12 ತಾಸು, ವಾರಕ್ಕೆ 48 ತಾಸು ಮೀರಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ ಆದೇಶ ಹೊರಡಿಸಿದ್ದು 1992ರ ಜೂನ್ 5ರಂದು. ಆ ಆದೇಶದ ನಂತರ ಹುಟ್ಟಿದ ಮಕ್ಕಳೇ ಇಂದು ದೇಶದ ಆಸ್ಪತ್ರೆಗಳಲ್ಲಿ 24, 36 ತಾಸಿನ ಡ್ಯೂಟಿ ಮಾಡುತ್ತಿದ್ದಾರೆ. ನರ್ಸ್‌ಗಳದು ಇನ್ನೊಂದು ಬಗೆ. ಪಾಳಿ ಬದಲಾಗುವಾಗ ಅವರು 'ಓವರ್ ಕೊಡುವುದು' ಅನ್ನುತ್ತಾರೆ. ಯಾವ ಬೆಡ್ಡಿನವರಿಗೆ ಡ್ರಿಪ್ ಮುಗಿಯಲಿದೆ, ಯಾರಿಗೆ ರಾತ್ರಿ ಜ್ವರ ಏರಿತ್ತು, ಯಾರ ರಿಪೋರ್ಟ್ ಬರಬೇಕು, ಎಲ್ಲವನ್ನೂ ಬೆಡ್ಡಿನಿಂದ ಬೆಡ್ಡಿಗೆ ನಡೆದು ಹೇಳಿ ಮುಗಿಸಬೇಕು. ರಾತ್ರಿಯಿಡೀ ನಿಂತ ಕಾಲು ಆ ಕೊನೆಯ ಅರ್ಧ ತಾಸಿನಲ್ಲೇ ಹೆಚ್ಚು ಸೋತಿರುತ್ತದೆ, ತಪ್ಪಾಗಬಾರದ ಹೊತ್ತೂ ಅದೇ. ಓವರ್‌ಗೆ ಬರುವವರು ಹತ್ತು ನಿಮಿಷ ಮೊದಲೇ ಬರುವಂತೆ ಪಾಳಿ ಜೋಡಿಸಿ, ಆ ಹತ್ತು ನಿಮಿಷಕ್ಕೂ ಸಂಬಳ ಕೊಡುವ ಮೇಟ್ರನ್ ಇದ್ದರೆ ಅವರು ರೋಗಿಯನ್ನೂ ನರ್ಸನ್ನೂ ಒಟ್ಟಿಗೆ ಕಾಪಾಡಿದಂತೆ.

ದುಡಿಯುವವರು ತಮ್ಮ ಮಟ್ಟಿಗೆ ಮಾಡಿಕೊಳ್ಳಬಹುದಾದದ್ದೂ ಇದೆ. ರಾತ್ರಿ ಪಾಳಿಯ ಕೊನೆಯ ತಾಸುಗಳಲ್ಲಿ ಚಹಾ ಬಿಡುವುದು, ಮನೆಗೆ ಬಂದೊಡನೆ ಮೊಬೈಲ್ ದೂರ ಇಟ್ಟು ಕಿಟಕಿಗೆ ದಪ್ಪ ಬಟ್ಟೆ ಹಾಕಿ ಮಲಗುವುದು, ಬೇಸಿಗೆಯಲ್ಲಿ ಬಾಯಾರುವ ಮೊದಲೇ ಮಜ್ಜಿಗೆ ಕುಡಿಯುವುದು. ಆದರೆ ತಗಡಿನ ಮನೆಯಲ್ಲಿ, ಮೇ ತಿಂಗಳ ಮಧ್ಯಾಹ್ನ, ಕರೆಂಟು ಹೋದಾಗ ಈ ಸಲಹೆ ಎಲ್ಲಿ ನಿಲ್ಲುತ್ತದೆ? ರಾತ್ರಿ ಪಾಳಿಯ ಗಂಡ ಮಲಗಲೆಂದು ಮಕ್ಕಳನ್ನು ಹೊರಗೆ ಹಿಡಿದು ಕೂರುವವಳು ಹೆಂಡತಿ, ಬೆಳಗಿನ ಪಾಳಿಯ ಡಬ್ಬಿಗೆ ನಾಲ್ಕಕ್ಕೇ ಎದ್ದು ರೊಟ್ಟಿ ಬಡಿಯುವವಳೂ ಅವಳೇ. ಅವಳ ಪಾಳಿ ಯಾವ ರಿಜಿಸ್ಟರಿನಲ್ಲೂ ಇಲ್ಲ. ಆದ್ದರಿಂದ ಮೊದಲ ಹೊಣೆ ಪಾಳಿಪಟ್ಟಿ ಬರೆಯುವವರದು. ರಾತ್ರಿ ಪಾಳಿ ಮುಗಿಸಿದವನನ್ನು ಮರುದಿನ ಬೆಳಿಗ್ಗೆಗೆ ಹಾಕದಿರುವುದು, ವಾರದ ಮೊದಲೇ ಪಟ್ಟಿ ಹಚ್ಚುವುದು, ರಜೆ ಕೇಳಿದವನನ್ನು ಅಪರಾಧಿಯಂತೆ ನೋಡದಿರುವುದು, ಇವಕ್ಕೆ ಹಣವೂ ಬೇಕಾಗಿಲ್ಲ.

ಎರಡನೆಯ ಹೊಣೆ ನಮ್ಮದು, ಏಕೆಂದರೆ ನಾವೂ ಮಾಲೀಕರೇ. ಕಲಬುರಗಿಯ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಇಬ್ಬರೇ ವಾಚ್‌ಮನ್‌ಗಳು, ಹಗಲು 12 ತಾಸು ಒಬ್ಬರು, ರಾತ್ರಿ 12 ತಾಸು ಇನ್ನೊಬ್ಬರು. ಒಬ್ಬರು ಊರಿಗೆ ಹೋದರೆ ಉಳಿದವರಿಗೆ 24. ಬಸ್ಸಿನ, ಆಸ್ಪತ್ರೆಯ ಪಾಳಿಯನ್ನು ಪ್ರಶ್ನಿಸುವ ನಾವು ಗೇಟು ತೆರೆದು ನಮಸ್ಕಾರ ಹೇಳುವ ಆ ಮನುಷ್ಯನ ಪಾಳಿಯನ್ನು ಕೇಳಿದ್ದೇವೆಯೇ? ಮೂರನೆಯವರನ್ನು ತಿಂಗಳಿಗೆ 12,000 ರೂಪಾಯಿಗೆ ಇಟ್ಟುಕೊಂಡರೆ, 40 ಮನೆಗಳಿರುವಲ್ಲಿ ಮನೆಗೆ 300 ರೂಪಾಯಿ ಹೆಚ್ಚು ಬೀಳುತ್ತದೆ. ಆಗ ಮೂವರಿಗೂ 8 ತಾಸು. ಮುಂದಿನ ಸಭೆಗೆ ನಾನು ಈ ಲೆಕ್ಕ ಬರೆದುಕೊಂಡು ಹೋಗುತ್ತೇನೆ. ತಾಸು ಇಳಿಯಿತೆಂದು ಈಗಿರುವ ಇಬ್ಬರ ಸಂಬಳದಲ್ಲಿ ಒಂದು ರೂಪಾಯಿಯೂ ಇಳಿಯಬಾರದು ಎಂಬುದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ. ನಿಮ್ಮ ಅಪಾರ್ಟ್‌ಮೆಂಟಿನ ಸಭೆ ಯಾವಾಗ ಎಂದು ವಿಚಾರಿಸಿ, ನೀವೂ ಹೋಗಿ.